ಕೆಲಸವಿಲ್ಲದ ಕಿಟಕಿ

ಜೂನ್ 2

ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಬಗ್ಗಿ ಒರೆಸುತ್ತಿದ್ದೆ, ಅಪ್ಪ ಹಿಂದಿನಿಂದ ಬಂದು ಅಡುಗೆಮನೆಯ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ ಹೋದರು. ಗೋಡೆ ಕಂಡಲ್ಲೆಲ್ಲ ತಟ್ಟುವುದು ಅವರ ಚಟ. ಗಾರೆ ಗಟ್ಟಿಯಾಗಿ ಕೂತಿದೆಯೋ, ಒಳಗೆ ಟೊಳ್ಳಾಗಿದೆಯೋ ಸದ್ದಿನಲ್ಲೇ ಗೊತ್ತಾಗುತ್ತದಂತೆ. ಆಸ್ಪತ್ರೆ, ಬ್ಯಾಂಕು, ಬೀಗರ ಮನೆ — ಎಲ್ಲೂ ಬಿಟ್ಟವರಲ್ಲ. "ನನ್ನನ್ನ ನೋಡೋಕೆ ಬಂದಾಗ ಮೊದಲು ನಮ್ಮ ಮನೆ ಗೋಡೆ ನೋಡಿದ್ರು" ಎಂದು ಅಮ್ಮ ಕೊನೆಯವರೆಗೂ ರೇಗಿಸುತ್ತಿದ್ದಳು.

ಆಫೀಸಿನಲ್ಲಿ ಸುದ್ದಿ. ನಮ್ಮ ಬಿಲ್ಡಿಂಗಿನ ಕೆಲಸ ನಮ್ಮ ಆಫೀಸಿಗೇ ಬಂದಿದೆ. ನಾನೂ ಅಪ್ಪನೂ ಮೂರನೇ ಮಹಡಿಯ ಕೊನೆಯ ಮನೆಯಲ್ಲಿರುವ ಇದೇ ಬಿಲ್ಡಿಂಗು. ಊರೆಲ್ಲ ಬೆಂಕಿಪೊಟ್ಟಣ ಎಂದು ಕರೆಯುವುದು. ಇದರ ಆರ್ಕಿಟೆಕ್ಟ್ ಅಪ್ಪನೇ. ಈಗ ಅಸೋಸಿಯೇಷನ್‌ನವರಿಗೆ ಇದಕ್ಕೊಂದು ಹೊಸ ಮುಖ ಬೇಕಂತೆ. ಬಾಸ್ ಕೈ ತಿಕ್ಕಿಕೊಳ್ಳುತ್ತ ನನ್ನ ಟೇಬಲ್ ಹತ್ತಿರ ಬಂದರು — "ನೀವೇ ಮಾಡಿ. ಮನೆ ಕೆಲಸ ಇದ್ದ ಹಾಗೆ."

ಅಪ್ಪನಿಗೆ ಹೇಗೆ ಹೇಳುವುದು?

ಜೂನ್ 4

ಹೇಳಿದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಇದಕ್ಕೇನು ಕಡಿಮೆಯಾಗಿದೆ ಈಗ?"

"ಕಡಿಮೆ ಇರೋದೇ ಜನಕ್ಕೆ ಬೇಜಾರು ಅಪ್ಪಾ. ಎಲ್ಲಿ ನೋಡಿದ್ರೂ ಚೌಕ. ಮಕ್ಕಳು ಅವರವರ ಮನೆ ಯಾವುದು ಅಂತ ಬಟ್ಟೆ ಒಣಗಾಕಿರೋದು ನೋಡಿ ಕಂಡುಹಿಡೀತಾರೆ."

"ಬಟ್ಟೆ ಒಣಗುತ್ತೆ ತಾನೇ. ಆ ಬಾಲ್ಕನಿ ಕೆಲಸ ಅದು."

ಅವರ ಇಡೀ ವಿದ್ಯೆ ಈ ಒಂದು ಮಾತಿನಲ್ಲಿದೆ. ತೊಲೆ ಭಾರ ಹೊರಬೇಕು. ಕಿಟಕಿ ಬೆಳಕು ಬಿಡಬೇಕು. ಕೆಲಸ ಮಾಡದ ಒಂದು ಇಟ್ಟಿಗೆಯೂ ಇರಕೂಡದು. ಅಮ್ಮ ಬಾಲ್ಕನಿಯ ಗ್ರಿಲ್ಲಿಗೆ ಒಂದೇ ಒಂದು ಹೂವಿನ ಡಿಸೈನ್ ಕೇಳಿದ್ದಳಂತೆ. "ಹೂವು ಎಷ್ಟು ಭಾರ ಹೊರುತ್ತೆ" ಎಂದು ಕೇಳಿದರಂತೆ ಇವರು. ಗ್ರಿಲ್ ಇವತ್ತಿಗೂ ಜೈಲಿನದೇ.

ನಾನು ಕಲಿತ ಹೊತ್ತಿಗೆ ಗಾಳಿ ತಿರುಗಿತ್ತು. ಕಟ್ಟಡ ಕೆಲಸ ಮಾಡಿದರೆ ಸಾಲದು, ಮಾತಾಡಬೇಕು ಎಂದು ನಮಗೆ ಹೇಳಿಕೊಟ್ಟರು. ಜನ ಕಟ್ಟಡವನ್ನು ಬಳಸುವುದಷ್ಟೇ ಅಲ್ಲ, ಓದುತ್ತಾರೆ. ಕಮಾನು ಕಂಡರೆ ಒಳಗೆ ಬಾ ಎಂದಂತೆ. ಏನೂ ಹೊರದ ಕಂಬವೂ ಹಳೆಯದೇನನ್ನೋ ನೆನಪಿಸಿದರೆ ಅದೇ ಅದರ ಕೆಲಸ. ಇದನ್ನೆಲ್ಲ ಅಪ್ಪನಿಗೆ ಒದರಿದೆ.

"ಸುಳ್ಳು ಹೇಳುತ್ತೆ ಅನ್ನು."

"ಕಥೆ ಹೇಳುತ್ತೆ."

"ಗೋಡೆಗಳೆಲ್ಲ ಕಥೆ ಹೇಳೋಕೆ ಶುರು ಮಾಡಿದ್ರೆ ಮನುಷ್ಯ ನಿದ್ದೆ ಮಾಡೋದು ಯಾವಾಗ, ಗೀಚಮ್ಮ?"

ಇಬ್ಬರೂ ನಕ್ಕೆವು. ಗೀಚಮ್ಮ ಎನ್ನುವುದು ಚಿಕ್ಕಂದಿನ ಹೆಸರು. ಈ ಮನೆಯ ಬಿಳಿ ಗೋಡೆಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಗೀಚುತ್ತಿದ್ದೆನಂತೆ. ಆ ಹೆಸರು ಕರೆದರೆಂದರೆ ಕೋಪ ಇಲ್ಲ. ಬದುಕಿದೆ.

ಜೂನ್ 11

ಮುಂಭಾಗದ ಡ್ರಾಯಿಂಗ್ ಮುಗಿಯಿತು. ಕಮಾನು, ನಾಲ್ಕು ಪೊಳ್ಳು ಕಂಬ, ಗುಲಾಬಿ ಬಣ್ಣದ ಪಟ್ಟಿ. ಬಾಸ್ ಎಲ್ಲದಕ್ಕೂ ಕಮಾನು ಹಾಕಿಸುತ್ತಾರೆಂದು ಡ್ರಾಫ್ಟಿಂಗಿನ ಹುಡುಗಿಯರು ಅವರಿಗೆ ಕಮಾನು ಸಾರ್ ಎಂದೇ ಹೆಸರಿಟ್ಟಿದ್ದಾರೆ. ತಪ್ಪೇನಿಲ್ಲ.

ತಲೆನೋವು ಪಕ್ಕದ ಗೋಡೆ. ಪೂರ್ತಿ ಬೋಳು. ಆ ಕಡೆ ಪಕ್ಕದ ಸೈಟಿನ ಗಡಿ ತೀರ ಹತ್ತಿರ. ಕಿಟಕಿ ಇಡಲು ನಿಯಮ ಒಪ್ಪುವುದಿಲ್ಲ. ಆದರೆ ಸೈಟಿನಲ್ಲಿರುವುದು ಒಂದು ತಗ್ಗಿನ ಕಾರ್ ರಿಪೇರಿ ಶೆಡ್ಡು. ಅದರ ಮೇಲಿಂದ ಇಡೀ ಬೋಳು ಗೋಡೆ ಬೀದಿಗೆ ಕಾಣುತ್ತದೆ. ಬಾಸ್ ಚಿತ್ರದ ಮುಂದೆ ನಿಂತು ತಲೆ ಓರೆ ಮಾಡಿದರು.

"ಇಲ್ಲೊಂದು ಕಿಟಕಿ ಇಡಿ. ಮೂರನೇ ಫ್ಲೋರಲ್ಲಿ. ದೊಡ್ಡದು."

"ಇಡೋ ಹಾಗಿಲ್ಲ ಸಾರ್."

"ನಿಜವಾದ್ದು ಇಡೋ ಹಾಗಿಲ್ಲ. ಕಿಟಕಿ ಥರ ಇಡಿ."

ಸರಿ. ಚೌಕಟ್ಟು, ಅರ್ಧ ತೆರೆದ ಹಾಗೆ ಕೂರಿಸಿದ ಬಾಗಿಲುಗಳು, ಗಾಜು. ಗಾಜಿನ ಹಿಂದೆ ಕಪ್ಪು ಬಣ್ಣ. ಅದರ ಹಿಂದೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ. ಗೋಡೆಯ ಹಿಂದೆ ಅಪ್ಪನ ರೂಮು, ಅವರ ಡ್ರಾಯಿಂಗ್ ಟೇಬಲ್ಲು. ಒಳಗಿನವರಿಗೆ ಗೊತ್ತೇ ಆಗದ ಕಿಟಕಿ.

ಜೂನ್ 13

ಆ ಕಿಟಕಿ ಎಷ್ಟು ತಿದ್ದಿದರೂ ಸತ್ತಂತೆ ಕಾಣುತ್ತದೆ. "ಯಾರನ್ನಾದ್ರೂ ನಿಲ್ಲಿಸಿ" ಎಂದರು ಬಾಸ್.

ಡ್ರಾಯಿಂಗಿನಲ್ಲಿ ಮನುಷ್ಯರನ್ನು ನಿಲ್ಲಿಸುವುದು ನಮ್ಮ ಕಸುಬಿನ ಪದ್ಧತಿ. ಕಟ್ಟಡ ಎಷ್ಟೆತ್ತರ, ಬಾಗಿಲು ಎಷ್ಟಗಲ ಎಂದು ನೋಡುವವರಿಗೆ ತಟ್ಟನೆ ಅಂದಾಜಾಗಲಿ ಎಂದು. ಸ್ಕೇಲ್ ಫಿಗರ್ ಎನ್ನುತ್ತೇವೆ. ಕಂಪ್ಯೂಟರಿನಲ್ಲಿ ಒಂದು ರಾಶಿ ಇವೆ — ನಾಯಿ ಹಿಡಿದವಳು, ಬ್ಯಾಗಿನವನು, ಬಲೂನಿನ ಮಗು. ಎಲ್ಲರ ಡ್ರಾಯಿಂಗಿನಲ್ಲೂ ಅವರೇ. ನೋಡಿ ನೋಡಿ ನೆಂಟರಾಗಿಬಿಟ್ಟಿದ್ದಾರೆ. ಯಾಕೋ ಅವರ್ಯಾರೂ ಬೇಡವೆನಿಸಿತು.

ಅಪ್ಪನ ಹಳೆಯ ಫೋಟೋ ಒಂದು ಫೋನಿನಲ್ಲಿತ್ತು. ಈ ಬಿಲ್ಡಿಂಗ್ ಏಳುತ್ತಿದ್ದಾಗ ತೆಗೆದದ್ದು. ಬಿಳಿ ತುಂಬುತೋಳಿನ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕರೀ ಕೂದಲು. ಒಂದು ಕೈ ಅರ್ಧ ಎತ್ತಿದೆ — ಕೆಳಗಿನಿಂದ ಯಾರೋ ಕೂಗಿದ್ದಿರಬೇಕು. ಸೊಂಟದವರೆಗೆ ಕತ್ತರಿಸಿ ಕಿಟಕಿಯಲ್ಲಿ ನಿಲ್ಲಿಸಿದೆ.

ಕೂಡಲೇ ಗೋಡೆಗೆ ಜೀವ ಬಂತು. ಖುಷಿಯಾಯಿತು. ಅವರ ಕಟ್ಟಡ, ಅವರೇ ನಿಂತಿದ್ದಾರೆ. ಇದಕ್ಕಿಂತ ಒಳ್ಳೆಯ ತಮಾಷೆ ಇನ್ನೇನು.

ಜೂನ್ 20

ಅಸೋಸಿಯೇಷನ್ ಮೀಟಿಂಗ್. ಎಲ್ಲರಿಗೂ ಒಪ್ಪಿಗೆ. ಅಧ್ಯಕ್ಷೆ ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು — "ಚಿತ್ರದಲ್ಲಿ ಹೇಗಿದೆಯೋ ಹಾಗೇ ಬರಬೇಕು. ಆಮೇಲೆ ಅದಿಲ್ಲ ಇದಿಲ್ಲ ಅನ್ನೋ ಹಾಗಿಲ್ಲ." ಬಾಸ್ ತಲೆ ಅಲ್ಲಾಡಿಸಿ ಸಹಿ ಹಾಕಿದರು. ನಾನೂ ಹಾಕಿದೆ.

ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೇಟಿಗೆ ಕಟ್ಟಿದ್ದಾರೆ. ಸಂಜೆ ವಾಕಿಂಗ್ ಮುಗಿಸಿ ಬಂದ ಅಪ್ಪ ಅದರ ಮುಂದೆ ತುಂಬ ಹೊತ್ತು ನಿಂತಿದ್ದರು. ಬಾಲ್ಕನಿಯಿಂದ ನೋಡಿದೆ.

ಮೇಲೆ ಬಂದರು. ಚಪ್ಪಲಿ ಬಿಟ್ಟರು.

"ನನ್ನನ್ನ ಯಾಕೆ ಅಲ್ಲಿ ನಿಲ್ಲಿಸಿದೆ?"

"ಅಳತೆಗೆ."

"ಅಳತೆಗೆ ಬೇರೆ ಯಾರೂ ಸಿಗಲಿಲ್ವಾ?"

ಅವರು ಯಾವತ್ತೂ ತಮ್ಮ ಡ್ರಾಯಿಂಗಿನಲ್ಲಿ ಮನುಷ್ಯರನ್ನು ಬರೆದವರಲ್ಲ. ಜನ ಕಟ್ಟಡಕ್ಕೆ ಬರುತ್ತಾರೆ, ಕಾಗದಕ್ಕೆ ಯಾಕೆ ಬರಬೇಕು ಎನ್ನುವವರು.

"ಕೆಲಸ ಇಲ್ಲದ್ದನ್ನ ಕಟ್ಟಬೇಡಮ್ಮಾ. ಕಟ್ಟಿದ ಮೇಲೆ ಅದು ಸುಮ್ಮನೆ ಇರಲ್ಲ, ಕೆಲಸ ಹುಡುಕಿಕೊಳ್ಳುತ್ತೆ. ಕಿಟಕಿ ಅಂದ್ಮೇಲೆ ಅದಕ್ಕೆ ಒಬ್ಬರು ನಿಲ್ಲೋರು ಬೇಕು."

ಗೀಚಮ್ಮ ಎನ್ನಲಿಲ್ಲ. ಊಟಕ್ಕೂ ಮೊದಲೇ ಮಲಗಿದರು.

ಆಗಸ್ಟ್ 8

ಇಡೀ ಬಿಲ್ಡಿಂಗಿಗೆ ಸಾರುವೆ ಕಟ್ಟಿ, ಹಸಿರು ಬಲೆ ಹೊದಿಸಿದ್ದಾರೆ. ಮನೆಯೊಳಗೆಲ್ಲ ಹಸಿರು ಬೆಳಕು. ಎಲ್ಲರ ಮುಖವೂ ಕಾಯಿಲೆಯವರ ಮುಖ. ಧೂಳೋ ಧೂಳು. ಕಾಫಿಯಲ್ಲೂ ಸಿಮೆಂಟು.

ಇವತ್ತು ಪಕ್ಕದ ಗೋಡೆಗೆ ಕಿಟಕಿ ಕೂರಿಸಿದರು. ಮೇಸ್ತ್ರಿ ಬಾಯಿ ಸುಮ್ಮನಿರುವುದಿಲ್ಲ. "ತೆಗೆಯೋ ಹಾಗಿಲ್ಲ, ಹಾಕೋ ಹಾಗಿಲ್ಲ. ನಮ್ಮ ಭಾವನ ಬಾಯಿ ಇದ್ದ ಹಾಗಿದೆ ಅಮ್ಮಾ, ಅರ್ಧ ತೆರೆದೇ ಇರುತ್ತೆ." ನಕ್ಕು ನಕ್ಕು ಸಾಕಾಯಿತು. ಕೆಲಸ ಚೊಕ್ಕ. ಕೆಳಗಿನಿಂದ ನೋಡಿದರೆ ಒಳಗೆ ಒಂದು ಕತ್ತಲೆ ಕೋಣೆ ಇದೆ ಎಂದೇ ಅನಿಸುತ್ತದೆ.

ಸುತ್ತಿಗೆ ಸದ್ದು ನಡೆದಷ್ಟು ಹೊತ್ತೂ ಅಪ್ಪ ರೂಮಿನಲ್ಲೇ ಕೂತಿದ್ದರು. ಗೋಡೆಯ ಕಡೆ ಮುಖ ಮಾಡಿ.

ಸೆಪ್ಟೆಂಬರ್ 4

ಸಾರುವೆ ಬಿಚ್ಚಿದರು. ಫೋಟೋ ತೆಗೆದವರೇ ತೆಗೆದವರು. ಬಾಸ್ ಸಿಹಿ ಹಂಚಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಬೆಂಕಿಪೊಟ್ಟಣ ಈಗ ನಾಟಕದ ಪರದೆ ಇದ್ದ ಹಾಗಿದೆ. ಅಪ್ಪ ಮಾತ್ರ ಕೆಳಗಿಳಿದು ನೋಡಿಲ್ಲ.

ಸೆಪ್ಟೆಂಬರ್ 10

ಬೀದಿಯ ಮೂಲೆಯ ಔಷಧಿ ಅಂಗಡಿಯಲ್ಲಿ ಅಪ್ಪನ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅಂಗಡಿಯವರು ಚಿಲ್ಲರೆ ಕೊಡುತ್ತ ಕೇಳಿದರು.

"ತಂದೆಯವರು ವಾಕಿಂಗ್ ಬಿಟ್ಟುಬಿಟ್ರಾ ಮೇಡಂ? ಈಗ ಸಂಜೆಯೆಲ್ಲ ಕಿಟಕೀಲೇ ನಿಂತಿರ್ತಾರೆ."

"ಬಾಲ್ಕನೀಲಾ?"

"ಇಲ್ಲ, ಈ ಕಡೆ ಕಿಟಕಿ. ಕೈ ಮಾಡಿದೆ, ಅವರೂ ಮಾಡಿದ್ರು. ವಯಸ್ಸಾದಂಗೇ ಕಾಣಲ್ಲ ಬಿಡಿ."

ಅವರ ಅಂಗಡಿಯಿಂದ ಪಕ್ಕದ ಗೋಡೆ ನೇರ ಕಾಣುತ್ತದೆ. ತಿರುಗಿ ನೋಡಿದೆ. ಗಾಜಿನಲ್ಲಿ ಮೋಡ. ಅಷ್ಟೇ. ಗೇಟಿಗೆ ಕಟ್ಟಿದ ಚಿತ್ರ ನೋಡಿ ನೋಡಿ ಅವರ ಕಣ್ಣಿಗೆ ಹಾಗೆ ಕಂಡಿರಬೇಕು. ನಮ್ಮ ಕೆಲಸ ಅಷ್ಟು ಚೆನ್ನಾಗಿದೆ ಎಂದುಕೊಂಡೆ.

ಅಪ್ಪ ವಾಕಿಂಗ್ ಬಿಟ್ಟಿರುವುದು ನಿಜ. ಕಾಲಲ್ಲಿ ಶಕ್ತಿಯಿಲ್ಲವಂತೆ.

ಸೆಪ್ಟೆಂಬರ್ 17

ಅಪ್ಪ ಡ್ರಾಯಿಂಗ್ ಟೇಬಲ್ಲನ್ನು ಗೋಡೆಯಿಂದ ದೂರ ಎಳೆದಿದ್ದಾರೆ. ಒಬ್ಬರೇ. ನನಗೇ ಅಲ್ಲಾಡಿಸಲು ಆಗದ ಟೇಬಲ್ಲು.

"ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತೆ" ಎಂದರು. "ಗೋಡೆ ಮುಟ್ಟಿ ನೋಡು."

ಮುಟ್ಟಿದೆ. ಬೆಚ್ಚಗಿತ್ತು. ಅದು ಉತ್ತರದ ಗೋಡೆ, ಈ ಕಾಲದಲ್ಲಿ ಬಿಸಿಲು ಬೀಳುವುದೇ ಇಲ್ಲ. ಅಂಗೈ ಸರಿಸುತ್ತ ಹೋದೆ. ಒಂದು ಕಡೆ ತಣ್ಣಗಾಯಿತು. ಮೇಲಕ್ಕೆ ಸರಿಸಿದೆ, ಅಲ್ಲೂ ಒಂದು ಗೆರೆಯಿಂದಾಚೆ ತಣ್ಣಗೆ. ಬೆಚ್ಚಗಿರುವ ಭಾಗಕ್ಕೆ ನಾಲ್ಕು ಮೂಲೆಗಳಿವೆ. ನಾನು ಬರೆದ ಕಿಟಕಿಯ ಅಗಲ, ಎತ್ತರ.

ಹೊರಗೆ ಕಪ್ಪು ಬಣ್ಣ ಇದೆಯಲ್ಲ, ಶಾಖ ಹೀರುತ್ತದೆ ಎಂದೆ. ಬಿಸಿಲೇ ಇಲ್ಲದ ಕಡೆ ಯಾವ ಶಾಖ ಎಂದು ಅವರು ಕೇಳಲಿಲ್ಲ. ಅದಕ್ಕೇ ಭಯವಾಯಿತು.

ಸೆಪ್ಟೆಂಬರ್ 22, ಸಂಜೆ

ನಾನೇ ನೋಡಿದೆ.

ಬಸ್ ಇಳಿದು ಮೂಲೆ ತಿರುಗಿದಾಗ. ಬಿಳಿ ಶರ್ಟು. ಜೇಬಿನಲ್ಲಿ ಪೆನ್ನು. ಕರೀ ಕೂದಲು. ಗಾಜಿನ ಹಿಂದೆ ಅಲ್ಲ, ಅರ್ಧ ತೆರೆದ ಬಾಗಿಲುಗಳ ನಡುವೆ. ಕೈ ಎತ್ತಿದರು. ಅಭ್ಯಾಸಬಲ, ನಾನೂ ಎತ್ತಿದೆ.

ಅಲ್ಲೇ ನಿಂತು ಮನೆಗೆ ಫೋನ್ ಮಾಡಿದೆ. ಮೂರು ರಿಂಗು. ಅಪ್ಪ ಎತ್ತಿದರು.

"ಎಲ್ಲಿದೀರ?"

"ಹಾಲ್‌ನಲ್ಲಿ. ಕೂತಿದೀನಿ. ಯಾಕೆ?"

ಮೇಲೆ ನಿಂತವರ ಕೈಯಲ್ಲಿ ಫೋನಿರಲಿಲ್ಲ. ತುಟಿ ಅಲ್ಲಾಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಮೇಲೆ ಓಡಿದೆ. ಅಪ್ಪ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ನೆರಳಿನಷ್ಟು ಬಡಕಲಾಗಿದ್ದಾರೆ — ಇದನ್ನು ನಾನು ದಿನಾ ನೋಡುತ್ತಿದ್ದರೂ ಗಮನಿಸಿಯೇ ಇರಲಿಲ್ಲ. ಅವರ ಬಲ ಅಂಗೈಯಲ್ಲಿ ಸುಣ್ಣದ ಧೂಳು. ಎಲ್ಲಿಂದ ಬಂತೆಂದು ಕೇಳಿದೆ. ನೋಡಿಕೊಂಡು ಅವರಿಗೂ ಆಶ್ಚರ್ಯ.

ಅಕ್ಟೋಬರ್ 1

ಡಾಕ್ಟರ್ ಎಲ್ಲ ಟೆಸ್ಟೂ ಮಾಡಿದರು. ಎಲ್ಲ ಸರಿಯಿದೆಯಂತೆ. "ವಯಸ್ಸು" ಎಂದರು. ತೂಕ ಮಾತ್ರ ಇಳಿಯುತ್ತಲೇ ಇದೆ.

ಅಕ್ಕ ಫೋನ್ ಮಾಡಿದ್ದಳು. "ಅಪ್ಪನ್ನ ನನ್ನ ಹತ್ರ ಕಳಿಸು. ನೀನು ಇಡೀ ದಿನ ಆಫೀಸು ಅಂತೀಯ, ಅವರು ಒಬ್ರೇ ಗೋಡೆ ನೋಡ್ತಾ ಕೂರಬೇಕಾ?" ಅವಳಿಗೆ ಕಿಟಕಿಯ ವಿಷಯ ಹೇಳಲಿಲ್ಲ. ಹೇಳಿದರೆ ನನ್ನನ್ನೂ ಡಾಕ್ಟರ ಹತ್ತಿರ ಕಳಿಸುತ್ತಾಳೆ.

ಅಪ್ಪನನ್ನು ಕೇಳಿದೆ, ಅಕ್ಕನ ಮನೆಗೆ ಹೋಗುತ್ತೀರಾ ಎಂದು.

"ಅಲ್ಲಿ ನನಗೇನು ಕೆಲಸ?" ಎಂದರು. ಶಾಲು ಬಿಗಿಯಾಗಿ ಹೊದ್ದುಕೊಂಡು, "ಇಲ್ಲೂ ಇಲ್ಲ. ಅವನಿಗಾದರೂ ಒಂದು ಕೆಲಸ ಇದೆ."

"ಯಾರಿಗೆ?"

ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು. "ಜನ ನೋಡ್ತಾರೆ, ಕೈ ಮಾಡ್ತಾರೆ. ಹಳೆಯದನ್ನ ನೆನಪಿಸಿದ್ರೆ ಅದೇ ಕೆಲಸ ಅಂತ ನೀನೇ ಅಲ್ವಾ ಹೇಳಿದ್ದು. ನಾನೇ ಈಗ ಈ ಮನೆಗೆ ಅಂಟಿಸಿದ ಡಿಸೈನು. ಯಾವ ಭಾರಾನೂ ಹೊರಲ್ಲ."

ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅಕ್ಟೋಬರ್ 9

ತೀರ್ಮಾನ ಮಾಡಿದೆ. ಇದು ಶುರುವಾದದ್ದು ನನ್ನ ಡ್ರಾಯಿಂಗಿನಲ್ಲಿ. ಮುಗಿಯುವುದೂ ಅಲ್ಲೇ.

ಊಟದ ಬಿಡುವಿನಲ್ಲಿ ಫೈಲ್ ತೆರೆದೆ. ಪಕ್ಕದ ಗೋಡೆ. ಮೂರನೇ ಮಹಡಿ. ಫಿಗರನ್ನು ಆರಿಸಿದೆ. ಡಿಲೀಟ್. ನಿಜವಾಗಲೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು.

ಹೊಸದಾಗಿ ಪ್ರಿಂಟ್ ಹಾಕಿಸಿ ಗೇಟಿನಲ್ಲಿದ್ದ ಹಳೆಯದನ್ನು ಕಿತ್ತು ಇದನ್ನು ಕಟ್ಟಿದೆ. ಕಿಟಕಿ ಇದೆ, ಒಳಗೆ ಯಾರೂ ಇಲ್ಲ. ಸಂಜೆ ಮೂಲೆಯಲ್ಲಿ ನಿಂತು ಕತ್ತಲಾಗುವವರೆಗೆ ನೋಡಿದೆ. ಖಾಲಿ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು.

ಅಕ್ಟೋಬರ್ 12

ಅಪ್ಪ ಚೇತರಿಸಿಕೊಂಡಿದ್ದಾರೆ. ಎರಡು ಸಲ ಬಡಿಸಿಕೊಂಡು ಊಟ ಮಾಡಿದರು. ಕೆಳಗಿಳಿದು, ನಾನು ಕಟ್ಟಡಕ್ಕೆ ಕೊಟ್ಟ ಹೊಸ ಮುಖವನ್ನು ಮೊದಲ ಸಲ ನಿಂತು ನೋಡಿದರು. ಪೊಳ್ಳು ಕಂಬವನ್ನು ತಟ್ಟಿದರು. ಡಬ್ಬದ ಸದ್ದು ಬಂತು.

"ನಿನ್ನ ಕಂಬ ಚೆನ್ನಾಗಿ ಮಾತಾಡುತ್ತೆ ಕಣೇ ಗೀಚಮ್ಮ. ಹಸಿವಾಗಿದೆ ಅನ್ನುತ್ತೆ."

ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ಆ ಹೆಸರು ಕೇಳಿ. ಮೇಲೆ ಬಂದ ಮೇಲೆ ಧೈರ್ಯ ಮಾಡಿ ಹೇಳಿಬಿಟ್ಟೆ —

"ಕೆಲಸ ಇಲ್ಲ ಕೆಲಸ ಇಲ್ಲ ಅಂತ ಇನ್ನೊಂದ್ಸಲ ಅನ್ನಬೇಡಿ. ಉಪಯೋಗಕ್ಕೆ ಅಂತ ಯಾರು ಅಪ್ಪನ್ನ ಇಟ್ಕೊಳ್ತಾರೆ? ನನಗೆ ನೀವು ಬೇಕು. ಸುಮ್ಮನೆ ಬೇಕು."

ಅವರು ಹತ್ತಿರ ಬಂದು ಗೆಣ್ಣಿನಿಂದ ನನ್ನ ತಲೆಯ ಹಿಂಭಾಗವನ್ನು ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕೇಳಿದ ಹಾಗೆ ಮಾಡಿದರು.

"ಗಟ್ಟಿಯಾಗಿದೆ" ಎಂದರು.

ಅಕ್ಟೋಬರ್ 19

ಅಪ್ಪ ಇಲ್ಲ.

ಸಂಜೆ ಆಫೀಸಿನಿಂದ ಬಂದು ಬೆಲ್ ಒತ್ತಿದೆ, ಒತ್ತಿದೆ. ಒಳಗಿನ ಚಿಲಕ ಹಾಕಿತ್ತು. ಬಡಗಿಯನ್ನು ಕರೆಸಿ ಬಾಗಿಲು ತೆಗೆಸಬೇಕಾಯಿತು. ಚಪ್ಪಲಿ ಇದೆ. ಕನ್ನಡಕ ಟೇಬಲ್ಲಿನ ಮೇಲಿದೆ. ಅರ್ಧ ಕುಡಿದ ಟೀ ಇನ್ನೂ ಉಗುರುಬೆಚ್ಚಗಿದೆ. ಬಾಲ್ಕನಿಗೆ ಗ್ರಿಲ್ಲು. ಹೋಗಲು ಬೇರೆ ದಾರಿಯೇ ಇಲ್ಲ.

ಕುರ್ಚಿಯನ್ನು ಆ ಗೋಡೆಯ ಹತ್ತಿರಕ್ಕೆ ಎಳೆದಿದ್ದಾರೆ. ಗೋಡೆಗೆ ಮುಖ ಮಾಡಿ. ತೀರ ಹತ್ತಿರ — ಮೊಣಕಾಲಿಗೂ ಜಾಗವಿಲ್ಲದಷ್ಟು.

ಅವರ ಮಾತು ನೆನಪಾಯಿತು. ಕಿಟಕಿ ಅಂದ್ಮೇಲೆ ಅದಕ್ಕೆ ಒಬ್ಬರು ನಿಲ್ಲೋರು ಬೇಕು. ಮನುಷ್ಯನನ್ನು ಅಳಿಸಿದೆ. ಕಿಟಕಿಯನ್ನು ಹಾಗೇ ಬಿಟ್ಟೆ.

ಕೆಳಗಿಳಿದೆ. ಮೂಲೆಗೆ ಹೋಗಿ ತಲೆ ಎತ್ತಿದೆ.

ಇದ್ದಾರೆ. ಈಗ ಬಿಳಿ ಶರ್ಟಿನವರಲ್ಲ. ಬೆಳಗ್ಗೆ ನಾನೇ ಹೊದಿಸಿದ ಶಾಲು. ಬಿಳಿ ಕೂದಲು. ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ಬೀದಿಯಲ್ಲಿ ಯಾರನ್ನೋ ಹುಡುಕುತ್ತಿದ್ದಾರೆ. ನನ್ನನ್ನೇ. ಕೈ ಬೀಸಿದೆ. ಕನ್ನಡಕ ಇಲ್ಲ, ಅವರಿಗೆ ಕಾಣುವುದಿಲ್ಲ.

ಅಕ್ಟೋಬರ್ 20

ಫೈಲ್ ತೆರೆದು ಹಳೆಯ ಫಿಗರನ್ನು ವಾಪಸ್ ನಿಲ್ಲಿಸಿದೆ. ಪ್ರಿಂಟ್ ಹಾಕಿಸಿದೆ. ಗೇಟಿಗೆ ಕಟ್ಟಿದೆ. ಏನೂ ಬದಲಾಗಲಿಲ್ಲ. ಶಾಲು ಹೊದ್ದವರೇ ನಿಂತಿದ್ದಾರೆ. ಜಾಗ ಭರ್ತಿಯಾಗಿದೆ.

ಅಕ್ಟೋಬರ್ 28

ಪೊಲೀಸರು ಬಂದು ಹೋದರು. ವಯಸ್ಸಾದವರು, ಮರೆವು, ಎಲ್ಲೋ ಹೋಗಿರುತ್ತಾರೆ ಎಂದರು. ಒಳಗಿನ ಚಿಲಕದ ವಿಷಯ ಬರೆದುಕೊಳ್ಳಲೇ ಇಲ್ಲ. ಒಬ್ಬರನ್ನು ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದೆ. "ಅಲ್ಲೇ ಇದ್ದಾರಲ್ಲಮ್ಮ" ಎಂದರು. ಮೇಲೆ ಬಂದು ಎಲ್ಲ ರೂಮು ನೋಡಿದರು. ಆಮೇಲೆ ನನ್ನ ಮುಖ ನೋಡದೆ ಟೋಪಿ ಹಾಕಿಕೊಂಡು ಹೊರಟುಬಿಟ್ಟರು.

ಆಫೀಸಿಗೆ ಹೋಗುತ್ತಿಲ್ಲ. ಬೆಳಗಿನ ಹೊತ್ತು ಕಿಟಕಿ ಖಾಲಿ. ಸಂಜೆಯಾದರೆ ಬರುತ್ತಾರೆ. ದಿನಾ ಸಂಜೆ ಮೂಲೆಯಲ್ಲಿ ನಿಲ್ಲುತ್ತೇನೆ. ಕೆಂಪು ದುಪ್ಪಟ್ಟಾ ಹಿಡಿದು ಬೀಸುತ್ತೇನೆ, ಬಣ್ಣವಾದರೂ ಕಾಣಲಿ ಎಂದು. ನಿನ್ನೆ ಇತ್ತ ತಿರುಗಿದ ಹಾಗಿತ್ತು.

ನವೆಂಬರ್ 3

ಮೇಸ್ತ್ರಿಯನ್ನು ಕರೆಸಿದೆ. ಗೋಡೆ ಒಡೆದು ನಿಜವಾದ ಕಿಟಕಿ ಮಾಡಿಕೊಡು ಎಂದೆ. ನಿಯಮ ಹಾಳಾಗಲಿ. ಗಾಳಿ ಬರಲಿ, ಬೆಳಕು ಬರಲಿ, ಅದಕ್ಕೆ ಅದರದೇ ಕೆಲಸ ಸಿಗಲಿ. ಆಗಲಾದರೂ ಅದು ಅವರನ್ನು ಬಿಡಬಹುದು. ಅಪ್ಪನ ಲೆಕ್ಕದಲ್ಲೂ ಇದು ಸರಿ.

ಮೇಸ್ತ್ರಿ ಈ ಸಲ ತಮಾಷೆ ಮಾಡಲಿಲ್ಲ. ಅವನೂ ಬೀದಿಯಿಂದ ನೋಡಿದ್ದಾನೆ.

"ಒಡೀತೀನಿ ಅಮ್ಮಾ. ಆದ್ರೆ ಅವರು ಯಾವ ಕಡೆ ಇದಾರೆ ಅಂತ ಹೇಗೆ ಗೊತ್ತು? ಗೋಡೆ ಒಳಗೇ ಇದ್ರೆ?"

ಅದನ್ನು ಯೋಚಿಸಿರಲಿಲ್ಲ. ನಾಳಿದ್ದು ಬಾ ಎಂದೆ.

ನವೆಂಬರ್ 4

ಅಕ್ಕ ಬರುತ್ತಿದ್ದಾಳೆ. ನಾಳೆ ಸಂಜೆ ರೈಲು ತಲುಪುತ್ತದೆ. ಫೋನಿನಲ್ಲಿ ಅತ್ತಳು, ಬೈದಳು, ಮತ್ತೆ ಅತ್ತಳು. ನಿನ್ನ ದನಿ ಯಾಕೆ ಹೀಗೆ ದೂರದಿಂದ ಬಂದ ಹಾಗಿದೆ ಎಂದಳು.

ನಿನ್ನೆ ಮೂಲೆಗೆ ಹೋಗಲಿಲ್ಲ. ಶಕ್ತಿಯಿರಲಿಲ್ಲ. ಅಪ್ಪನ ರೂಮಿನಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದೆ. ಬೆಚ್ಚಗಿತ್ತು. ಹಾಗೇ ಕಣ್ಣು ಮುಚ್ಚಿತ್ತು.

ಇವತ್ತು ಬೆಳಗ್ಗೆ ಔಷಧಿ ಅಂಗಡಿಯವರು ನನ್ನ ಕಂಡು ಮುಗುಳ್ನಕ್ಕರು.

"ನಿನ್ನೆ ನೋಡಿ ಸಮಾಧಾನ ಆಯ್ತು ಮೇಡಂ. ಪಾಪ, ತಂದೆಯವರು ಒಬ್ರೇ ನಿಂತಿರ್ತಿದ್ರು."

"ನಿನ್ನೆ ಏನು?"

"ನೀವೂ ಪಕ್ಕದಲ್ಲಿ ನಿಂತಿದ್ರಲ್ಲ."

ಹೆದರಬೇಕಿತ್ತು. ಸಂತೋಷವಾಯಿತು. ಆ ಸಂತೋಷ ನೆನೆದರೆ ಈಗ ಹೆದರಿಕೆ. ತೂಕದ ಮಷಿನ್ ಎದುರಿಗೇ ಇತ್ತು. ಹತ್ತಲಿಲ್ಲ.

ನವೆಂಬರ್ 5, ಸಂಜೆ

ಮೇಸ್ತ್ರಿ ಬಂದಿದ್ದ. ಬೇಡ ಎಂದು ವಾಪಸ್ ಕಳಿಸಿದೆ. ಕಾರಣ ಕೇಳಲಿಲ್ಲ. ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ಅಕ್ಕ ಇನ್ನೇನು ಬರಬೇಕು. ಬಾಗಿಲಿನ ಚಿಲಕ ತೆಗೆದಿಟ್ಟಿದ್ದೇನೆ. ಅಪ್ಪನ ಕನ್ನಡಕ ನನ್ನ ಜೇಬಿನಲ್ಲಿದೆ. ಹೇಗಾದರೂ ತಲುಪಿಸಬೇಕು.

ಗೋಡೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಹೊತ್ತಿನಿಂದ ಒಂದು ಸದ್ದು. ಮೊದಲು ಎಡತುದಿಯಲ್ಲಿ. ಟಕ್ ಟಕ್. ನಿಲ್ಲುತ್ತದೆ. ಗೇಣು ದೂರದಲ್ಲಿ ಮತ್ತೆ. ಟಕ್ ಟಕ್. ಗುರುತು ಹಿಡಿಯಲು ಎಷ್ಟು ಹೊತ್ತು ಬೇಕು — ಹುಟ್ಟಿದಾಗಿನಿಂದ ಕೇಳಿದ ಸದ್ದು. ಅಪ್ಪ ಆ ಕಡೆಯಿಂದ ಗೋಡೆ ತಟ್ಟಿ ನೋಡುತ್ತಿದ್ದಾರೆ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು. ದಾಟಿ ಬರಲು ಜಾಗ ಹುಡುಕುತ್ತಿದ್ದಾರೆ ಎಂದುಕೊಂಡೆ. ಅಪ್ಪಾ ಎಂದು ಕರೆದೆ.

ಎಲ್ಲ ಕಡೆಯೂ ಗಟ್ಟಿ ಸದ್ದೇ ಬರುತ್ತಿದೆ. ಒಂಬತ್ತಿಂಚಿನ ಗೋಡೆ, ಅವರೇ ಕಟ್ಟಿಸಿದ್ದು, ಮೋಸವಿಲ್ಲ. ಈಗ ಹತ್ತಿರ ಬಂತು. ಭುಜದ ಹಿಂದೆ. ಕತ್ತಿನ ಹಿಂದೆ.

ಈಗ ನೇರ ತಲೆಯ ಹಿಂದೆ. ಮೆಲ್ಲಗೆ. ಅವತ್ತು ತಟ್ಟಿದ ಹಾಗೇ.

ಟೊಳ್ಳು. ಆ ಸದ್ದು ಬಂದದ್ದು ಗೋಡೆಯಿಂದಲ್ಲ, ನನ್ನ ತಲೆಯ —